ಧರ್ಮಕ್ಕೆ ಕಲಿತದ್ದು

ಕಳೆದ ಮೇ ತಿಂಗಳ ಒಂದು ಭಾನುವಾರ ಪುತ್ತೂರಿನ ಬಳಿಯ ನರಿಮೊಗರಿನ ನಮ್ಮ ಮನೆಯ ಬಾವಿಯ ಪಂಪು ಸುಟ್ಟುಹೋಯಿತು. ಅಲ್ಲೇ ಹತ್ತಿರದ ಸವಣೂರಿನಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದ ಹುಡುಗಿಗೆ, ಮನೆಯ ಅಡಿಕೆ ತೋಟ ನೋಡಿಕೊಳ್ಳುವ ಅಣ್ಣ ಫೋನು ಮಾಡಿದ. ಆಕೆ ಕಡಬದ ಕಡೆಯವಳು, ಮನೆಮಾತು ಮಲಯಾಳ. ಕೆಲಸ ಕಲಿತದ್ದು ಸರಕಾರಿ ಐಟಿಐಯಲ್ಲಿ, ಆಮೇಲೆ ಸರಕಾರದ್ದೇ ಖರ್ಚಿನ ಒಂದು ತರಬೇತಿಯಲ್ಲಿ. ಅಂಗಡಿ ತೆರೆದು ವರ್ಷ ತುಂಬಿರಲಿಲ್ಲ.

ಮೋಟಾರು ಬಿಚ್ಚಿ ಒಯ್ದವಳು ಬುಧವಾರ ತಂದು ಕೂರಿಸಿದಳು. ತೊಟ್ಟಿಗೆ ನೀರು ಬಿತ್ತು. ಎಷ್ಟಾಯಿತೆಂದು ಅವಳು ಹೇಳಿದಾಗ ಅಣ್ಣ ನಕ್ಕ.

“ಸಾಮಾನಿದ್ದು ಕೊಡುವ. ಮಜೂರಿ ಎಂತಕ್ಕೆ ಮಾರಾಯ್ತಿ? ನೀನು ಧರ್ಮಕ್ಕೆ ಕಲ್ತದ್ದಲ್ವಾ, ನಮ್ಮ ಟ್ಯಾಕ್ಸಿನಲ್ಲಿ?”

ನಮ್ಮ ಕಡೆ ಪುಕ್ಕಟೆ ಎನ್ನುವುದಕ್ಕೆ ‘ಧರ್ಮಕ್ಕೆ’ ಎನ್ನುತ್ತೇವೆ. ಕೊಡುವವನ ಬಾಯಲ್ಲಿ ಹಗುರವಾದ ಮಾತು ಅದು.

“ಅಡಿಕೆಗೆ ಇನ್‌ಕಮ್ ಟ್ಯಾಕ್ಸ್ ಉಂಟಾ ಅಣ್ಣ? ನನ್ನ ತಾಮ್ರದ ತಂತಿಗೆ ಜಿಎಸ್‌ಟಿ ಉಂಟು.”

“ಬಾಯಿ ಜೋರುಂಟು. ಇದನ್ನೂ ಅಲ್ಲೇ ಕಲಿಸಿದ್ದಾ?”

ಅವಳು ನನ್ನ ಕಡೆ ತಿರುಗಿದಳು. “ಸರ್, ನೀವಾದ್ರೂ ಹೇಳಿ. ನೀವು ಪೇಪರಿನಲ್ಲಿ ಬರೆದದ್ದನ್ನು ನಮಗೆ ಕ್ಲಾಸಿನಲ್ಲಿ ಓದಿ ಹೇಳಿದ್ರು.”

ಬರೆದದ್ದು ನಿಜ. ಕಾಲೇಜು, ತರಬೇತಿಗಳ ಖರ್ಚನ್ನು ಜನರ ತೆರಿಗೆ ಹೊರಬೇಕೇ ಎಂಬ ಚರ್ಚೆ ಎದ್ದಾಗ, ಹೊರಲೇಬೇಕು, ಕಲಿತವರಿಂದ ಊರಿಗೇ ಲಾಭ ಎಂದು ನಾನು ಕೆಲಸ ಮಾಡುವ ಪತ್ರಿಕೆಯಲ್ಲಿ ಬರೆದಿದ್ದೆ. ನಾನು ಓದಿದ್ದೂ ಸರಕಾರಿ ಕಾಲೇಜಿನಲ್ಲಿ, ಆಮೇಲೆ ವಿಶ್ವವಿದ್ಯಾಲಯದಲ್ಲಿ, ಹಾಸ್ಟೆಲಿನ ಊಟ ಸಹಿತ. ಅದಕ್ಕೆ ಬದಲಾಗಿ ಸಂಬಳವಿಲ್ಲದೆ ವರದಿ ಬರೆ ಎಂದು ನನಗೆ ಯಾರೂ ಹೇಳಿಲ್ಲ.

“ಮನೆಯ ವ್ಯವಹಾರ ಎಲ್ಲ ಅಣ್ಣಂದು” ಎಂದೆ.

ಅಣ್ಣ ಸಾಮಾನಿನ ಹಣ ಮಾತ್ರ ಕೊಟ್ಟ. ಅವಳು ಸ್ಪ್ಯಾನರುಗಳನ್ನು ಒರೆಸಿ ಚೀಲಕ್ಕೆ ಹಾಕಿಕೊಂಡಳು. “ಎಲ್ಲ ಕಡೆ ಹೀಗೇ ಹೇಳುದು ಸರ್. ಅಂಗಡಿಯ ಬಾಡಿಗೆಯಾದ್ರೂ ಹುಟ್ಟಬೇಕಲ್ಲ” ಎಂದು ಸ್ಕೂಟರ್ ಹತ್ತಿದಳು. ಅವಳು ಹೋದ ಮೇಲೂ ನಾನು ತೊಟ್ಟಿಯ ಬಳಿಯೇ ಇದ್ದೆ. ನೀರು ತುಂಬಿ ಹೊರಗೆ ಹರಿಯುತ್ತಿತ್ತು. ಆ ನೀರಿನಲ್ಲಿ ಕೈ ತೊಳೆಯಲು ನಾಚಿಕೆಯಾಯಿತು.

ಮಜೂರಿ ಕೊಟ್ಟು ಬರಬೇಕೆಂದು ಸವಣೂರಿಗೆ ಹೋದದ್ದು ಜೂನ್ ಕಳೆದ ಮೇಲೆ. ಅಂಗಡಿಯ ಶಟರು ಎಳೆದಿತ್ತು. ಪಕ್ಕದ ಹೋಟೆಲಿನವರು ಚಹಾ ಸೋಸುತ್ತಲೇ ಹೇಳಿದರು: “ಅವಳು ಜಾಲ್ಸೂರು ದಾಟಿ ಕೇರಳಕ್ಕೆ ಹೋದಳು ಮಾರಾಯ್ರೆ. ಕಾಸರಗೋಡಿನ ಕಡೆ ಒಂದು ಅಂಗಡಿಯಲ್ಲಿ ಸಂಬಳಕ್ಕೆ ನಿಂತಿದ್ದಾಳಂತೆ. ನಿಮ್ಮದೂ ಪಂಪು ಹಾಳಾಯ್ತಾ?”

ಇಲ್ಲ ಎಂದೆ. ಯಾಕೆ ಬಂದೆನೆಂದು ಹೇಳಲಿಲ್ಲ.

ಕಳೆದ ವಾರ ಪಂಪು ಮತ್ತೆ ನಿಂತಿತು. ರಿಪೇರಿಗೆ ಪುತ್ತೂರಿನಿಂದ ಒಬ್ಬರು ಬಂದರು. ಅವರು ಕೇಳಿದ ಮಜೂರಿಯನ್ನು ಅಣ್ಣ ಕೊಟ್ಟ. ಎಲ್ಲಿ ಕಲಿತದ್ದೆಂದು ಕೇಳಲಿಲ್ಲ.