ಒಂದೇ ಟಿಸಿಯ ಮಂದಿ

ನಾನು ಬೈಲಹೊಂಗಲದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ನಮ್ಮ ಪಾಠದಲ್ಲಿ ಒಂದು ನಕ್ಷೆ ಬರುತ್ತದೆ. ಒಂದು ರೂಪಾಯಿಯಷ್ಟು ಸರಕು ಹುಟ್ಟಿಸಲು ಯಾವ ದೇಶ ಎಷ್ಟು ಇಂಧನ ಸುಡುತ್ತದೆ ಎಂಬುದರ ಲೆಕ್ಕ ಅದು. ಕೃಷಿಗೊಂದು ಕಂಬ, ಕೈಗಾರಿಕೆಗೊಂದು, ಸೇವೆಗೊಂದು. ಜಪಾನಿನ ಕಂಬಗಳು ಗಿಡ್ಡ, ನಮ್ಮವು ಉದ್ದ. ನಮ್ಮವೂ ಬರಬರುತ್ತ ಕುಗ್ಗುತ್ತಿವೆ ಎಂದು ಪುಸ್ತಕ ಸಮಾಧಾನ ಹೇಳುತ್ತದೆ. ಇದನ್ನು ಕಲಿಸುವಾಗಲೆಲ್ಲ ನನಗೆ ಮೈ ಉರಿಯುತ್ತದೆ. ಕಂಬ ಕಂಬದ ನಡುವೆ ಅಷ್ಟು ಚೆಂದದ ಜಾಗ ಬಿಟ್ಟವರು ಯಾರೋ, ಅವರು ನಮ್ಮೂರಿಗಂತೂ ಬಂದವರಲ್ಲ.

ನಮ್ಮೂರು ಮುನವಳ್ಳಿಯ ಹತ್ತಿರ. ಅಲ್ಲಿ ಕೃಷಿ, ಕೈಗಾರಿಕೆ ಎರಡೂ ಒಂದೇ ಟಿಸಿಗೆ ಜೋತುಬಿದ್ದಿವೆ. ಟಿಸಿ ಎಂದರೆ ಹೊಲದ ದಾರಿಯಲ್ಲಿ ನಿಂತಿರುವ ಟ್ರಾನ್ಸ್‌ಫಾರ್ಮರ್. ಕೃಷಿ ಎಂದರೆ ನನ್ನ ಅಣ್ಣನೂ ಸೇರಿದಂತೆ ಸುತ್ತಲಿನವರ ಕಬ್ಬಿನ ಪಂಪಸೆಟ್ಟುಗಳು. ಕೈಗಾರಿಕೆ ಎಂದರೆ ನನ್ನ ಚಿಗವ್ವನ ಹಿಟ್ಟಿನ ಗಿರಣಿ. ಚಿಗಪ್ಪ ತೀರಿಕೊಂಡ ಮೇಲೆ ಅದನ್ನು ಅವಳೊಬ್ಬಳೇ ನಡೆಸುತ್ತಿದ್ದಳು. ಅವಳ ಹೊಟ್ಟೆಪಾಡೆಲ್ಲ ಅದರ ಮೇಲೆಯೇ. ಪಂಪಿನವರಿಗೆ ಕರೆಂಟು ಪುಕ್ಕಟೆ, ಅವಳಿಗೆ ಮಾತ್ರ ತಿಂಗಳು ತಿಂಗಳು ಬಿಲ್ಲು.

ತ್ರೀ ಫೇಸ್ ಕರೆಂಟು ಬರುವುದೇ ದಿನಕ್ಕೆ ಕೆಲವು ತಾಸು. ಯಾವಾಗ ಬರುತ್ತದೋ ಎಂದು ಹೊಲದಲ್ಲಿ ಯಾರು ಕಾಯಬೇಕು? ಅದಕ್ಕೇ ಪ್ರತಿಯೊಬ್ಬರೂ ಮೋಟರಿಗೆ ಆಟೋ ಸ್ಟಾರ್ಟರ್ ಕೂರಿಸಿದ್ದಾರೆ. ಕರೆಂಟು ಬಂದದ್ದೇ ತಡ, ಎಲ್ಲ ಮೋಟರುಗಳೂ ತಾವಾಗಿ ಒಮ್ಮೆಲೇ ಎದ್ದು ಕೂಡುತ್ತವೆ. ವೋಲ್ಟೇಜು ನೆಲ ಕಚ್ಚುತ್ತದೆ. ಗಿರಣಿಯ ಮೋಟರು ಗುಂಯ್ ಎನ್ನುತ್ತದೆಯೇ ಹೊರತು ಕಲ್ಲನ್ನು ಎಳೆಯುವುದಿಲ್ಲ. ಎಳೆದರೂ ಹಿಟ್ಟು ತರಿತರಿ. ಅಂಥ ಹಿಟ್ಟಿನಲ್ಲಿ ಜೋಳದ ರೊಟ್ಟಿ ಬಡಿದು ನೋಡಬೇಕು!

“ಯಕ್ಕಾ, ನಿನ್ನ ಹಿಟ್ಟಿನ ರೊಟ್ಟಿ ಬಿರೀತಾವ ನೋಡು,” ಎಂದು ಹೇಳಿ ಹೆಂಗಸರು ಒಬ್ಬೊಬ್ಬರಾಗಿ ಜೋಳದ ಡಬ್ಬಿ ಹೊತ್ತುಕೊಂಡು ಮುನವಳ್ಳಿಯ ಗಿರಣಿಗೆ ಹೋಗತೊಡಗಿದರು. ಇನ್ನಷ್ಟು ಮಂದಿ ಹೋದರೆ ಚಿಗವ್ವ ಬಾಗಿಲು ಹಾಕಬೇಕಾಗುತ್ತಿತ್ತು.

ಒಂದು ಭಾನುವಾರ ನಾನೇ ಗುಡಿಯ ಕಟ್ಟೆಗೆ ಪಂಪಸೆಟ್ಟಿನವರನ್ನೆಲ್ಲ ಕೂಡಿಸಿದೆ. “ಕಾಲವಿ ನೀರಿಗೆ ಪಾಳಿ ಹಚ್ಚತೀರಿ. ಕರೆಂಟಿಗೂ ಹಚ್ಚರಿ. ಎಲ್ಲಾರೂ ಒಮ್ಮೆಲೇ ಎಳದ್ರ ಒಂದ ದಿನಾ ಟಿಸಿನ ಸುಡತೈತಿ. ಅರ್ಧ ಮಂದಿ ಮೊದಲ, ಅರ್ಧ ಮಂದಿ ಆಮ್ಯಾಲೆ. ನಿಮ್ಮ ಕಬ್ಬೂ ಉಳೀತೈತಿ, ಚಿಗವ್ವನ ಗಿರಣೀನೂ ಉಳೀತೈತಿ,” ಎಂದೆ.

“ಅಕ್ಕಾರು ಹೇಳೂದು ಖರೆ ಐತ್ರಿ,” ಎಂದರು ಹಿರಿಯರು. ನಮ್ಮ ಕಡೆ ಬರೀ ಬಾಯಿಮಾತು ನಡೆಯುವುದಿಲ್ಲ. ಎಲ್ಲವ್ವನ ಭಂಡಾರದ ಬಟ್ಟಲು ಬಂತು. ಪಾಳಿ ಇಲ್ಲದಾಗ ಮೋಟರು ಚಾಲೂ ಮಾಡುವುದಿಲ್ಲ ಎಂದು ಒಬ್ಬೊಬ್ಬರೂ ಅರಿಸಿನ ಮುಟ್ಟಿ ಆಣೆ ಮಾಡಿದರು. ಮೊದಲು ಮುಟ್ಟಿದವನು ನನ್ನ ಅಣ್ಣ. ನನಗೆ ಎಷ್ಟು ಹಿಗ್ಗಾಯಿತೆಂದರೆ, ಮರುದಿನ ರಜೆ ಹಾಕಿ ಊರಲ್ಲೇ ಉಳಿದೆ.

ಮರುದಿನ ನಾನು ಗಿರಣಿಯಲ್ಲಿ ಚಿಗವ್ವನ ಜೊತೆ ಕುಳಿತಿದ್ದೆ. ಕರೆಂಟು ಬಂತು. ಹೊಲದ ಕಡೆಯಿಂದ ಢಂ ಎಂದು ಸದ್ದಾಯಿತು. ಓಡಿಹೋಗಿ ನೋಡಿದರೆ ಟಿಸಿ ಕಪ್ಪಾಗಿ ಹೋಗಿತ್ತು, ಬುಡದಲ್ಲಿ ಎಣ್ಣೆ ಸುರಿಯುತ್ತಿತ್ತು.

ಸೀದಾ ಅಣ್ಣನ ಹೊಲಕ್ಕೆ ಹೋಗಿ ಮೋಟರಿನ ಪೆಟ್ಟಿಗೆ ತೆರೆದೆ. ಪಾಳಿ ಅವನದಲ್ಲ, ಆದರೂ ಸ್ವಿಚ್ಚು ಆಟೋದ ಮೇಲೆಯೇ ಇತ್ತು. ಮನೆಗೆ ಬಂದು ಕೇಳಿದೆ: “ನಿನ್ನೆ ಭಂಡಾರ ಮುಟ್ಟಿದೆಲ್ಲೋ ಅಣ್ಣಾ?”

“ಮುಟ್ಟೇನಿ. ಆದ್ರ ನಾ ಎಲ್ಲಿ ಚಾಲೂ ಮಾಡೇನಿ? ಇಲ್ಲೇ ಕುಂತು ಚಾ ಕುಡ್ಯಾಕ ಹತ್ತಿದ್ದೆ. ಅದು ತಾನ ಚಾಲೂ ಆತು.”

ಅವನು ತಮಾಷೆ ಮಾಡುತ್ತಿರಲಿಲ್ಲ. ಊರಲ್ಲಿ ಯಾರನ್ನು ಕೇಳಿದರೂ ಅದನ್ನೇ ಹೇಳಿದರು. ಯಾರ ಬೆರಳೂ ಬಟನ್ನು ಒತ್ತಿರಲಿಲ್ಲ, ಆದ್ದರಿಂದ ಯಾರ ಆಣೆಯೂ ಮುರಿದಿರಲಿಲ್ಲ. ಆಟೋ ತೆಗೆದಿಡಬೇಕು ಎಂದು ಆಣೆಯಲ್ಲಿ ಎಲ್ಲಿ ಹೇಳಿದ್ದರು? ಎಲ್ಲವ್ವನಿಗೂ ಬಯ್ಯಲು ಬಾಯಿ ಇಲ್ಲದ ಹಾಗೆ ಮಾಡಿದ್ದರು. ಕೋಣನ ಮುಂದೆ ಕಿನ್ನರಿ ಬಾರಿಸಿದ್ದೆನಲ್ಲ ಎಂದು ಸಂಕಟದಿಂದ ಅಳುವೇ ಬಂತು.

ಬೇರೆ ಟಿಸಿ ಬರಲು ಬಹಳ ದಿನ ಹಿಡಿಯಿತು. ನಡುವೆ ಒಂದು ಮಳೆಯಾಗಿ ಕಬ್ಬು ತಡೆದುಕೊಂಡಿತು. ರೊಟ್ಟಿ ತಡೆಯುತ್ತದೆಯೇ? ಉಳಿದಿದ್ದ ಡಬ್ಬಿಗಳೂ ಮುನವಳ್ಳಿಯ ದಾರಿ ಹಿಡಿದವು. ಟಿಸಿ ಬಂದ ಮೇಲೆ, ಹೊಲ ಹಸಿಯಿದ್ದು ಪಂಪು ನಿಂತಿದ್ದ ಕೆಲವು ದಿನ ಹಿಟ್ಟು ನುಣ್ಣಗೆ ಬಿತ್ತು, ಆದರೆ ಬೀಸಿಸಿಕೊಳ್ಳಲು ಬರುವವರೇ ಇರಲಿಲ್ಲ.

ಮುಂದೆ ಒಂದು ರಜೆಯಲ್ಲಿ ಹೋದಾಗ ಗಿರಣಿಯ ಬೆಲ್ಟು ಬಿಚ್ಚಿತ್ತು, ಕಲ್ಲುಗಳು ಗೋಡೆಗೆ ಒರಗಿದ್ದವು. ಪುಸ್ತಕದ ಲೆಕ್ಕದಲ್ಲಿ ನಮ್ಮೂರ ಕೈಗಾರಿಕೆ ಇನ್ನು ಒಂದು ಯುನಿಟ್ಟೂ ಸುಡುವುದಿಲ್ಲ, ಭಲೇ ಪ್ರಗತಿ!

“ಗಿರಣಿ ಹಿಂದ ಬೀಳ ಬಿದ್ದ ಹೊಲಕ್ಕ ಬೋರ್ ಹೊಡಸ್ತೇನಿ, ಕಬ್ಬು ಹಚ್ಚತೇನಿ,” ಎಂದಳು ಚಿಗವ್ವ.

“ಆ ಟಿಸಿಗೆ ಇನ್ನೊಂದು ಮೋಟರ್ ತಡೀತೈತೇನ ಚಿಗವ್ವಾ?”

“ತಡೀದಿದ್ರ ಎಲ್ಲಾರದೂ ಹೋಗ್ತೈತಿ. ಇಷ್ಟು ದಿನಾ ನಂದೊಂದ ಹೋಗತಿತ್ತು.” ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. “ಬೈಲಹೊಂಗಲದಾಗ ಚಲೋ ಆಟೋ ಸ್ಟಾರ್ಟರ್ ಸಿಗತಾವಂತ. ಬರುವಾಗ ನನಗೊಂದು ತಗೊಂಡು ಬಾ ಯವ್ವಾ.”

ಬಸ್ಸಿನ ದಾರಿಯುದ್ದಕ್ಕೂ ಊರನ್ನೆಲ್ಲ ಬೈದುಕೊಳ್ಳುತ್ತ, ತಂದುಕೊಟ್ಟೆ.