ತಪ್ಪದೆ ಹಾಜರಿದ್ದ ಮೂವತ್ತೊಂದು

ನನ್ನ ಅತ್ತಿಗೆ ಪ್ರೌಢಶಾಲೆಯೊಂದರಲ್ಲಿ ಗುಮಾಸ್ತೆ. ಹಾಜರಿ, ದಾಖಲಾತಿ, ಪರೀಕ್ಷೆಯ ಅರ್ಜಿ, ಎಲ್ಲವೂ ಇಪ್ಪತ್ತೆರಡು ವರ್ಷದಿಂದ ಅವರ ಕೈಯಲ್ಲೇ. ರಜೆ ಚೀಟಿಯಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿದ್ದರೂ ಕೆಂಪು ಶಾಯಿಯಲ್ಲಿ ಗುರುತು ಹಾಕಿ ವಾಪಸು ಕೊಡುತ್ತಾರೆ. ಹಾಗಾಗಿ ಮಕ್ಕಳು ಅವರಿಗೆ 'ಒತ್ತಕ್ಷರ ಮೇಡಂ' ಎಂದು ಹೆಸರಿಟ್ಟಿದ್ದಾರೆ. ಆ ಹೆಸರು ಕೇಳಿದ ದಿನ ನನಗೆ ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ. ಮನೆಯಲ್ಲೂ ಅವರು ಹಾಗೆಯೇ. ಡಬ್ಬದ ಮುಚ್ಚಳ ಸೊಟ್ಟ ಇದ್ದರೆ ಅಡುಗೆಮನೆಯಿಂದ ಆಚೆ ಬರುವವರಲ್ಲ.

ಕಾಯಿಲೆಯ ಭಯಕ್ಕೆ ಶಾಲೆಗಳೆಲ್ಲ ಬಾಗಿಲು ಹಾಕಿದ ವರ್ಷ ಅತ್ತಿಗೆಯ ಆಫೀಸು ನಮ್ಮ ಮನೆಗೇ ಬಂತು. ನಾನು ಮನೆಯಲ್ಲಿ ಬಟ್ಟೆ ಹೊಲಿಯುವವಳು. ಬಟ್ಟೆ ಕತ್ತರಿಸುವ ನನ್ನ ಮೇಜಿನ ಅರ್ಧ ಭಾಗವನ್ನು ಹೇಳದೆ ಕೇಳದೆ ಅವರು ಹಾಜರಿ ಪುಸ್ತಕಕ್ಕೆ ಎಂದು ಹಿಡಿದುಕೊಂಡರು. ನಾಲ್ಕು ದಿನ ನಾನು ಮುಖ ಊದಿಸಿಕೊಂಡು ಓಡಾಡಿದೆ. ಅವರಿಗೆ ಅದು ಕಾಣಲೇ ಇಲ್ಲ.

ಕೆಲಸ ಹೀಗಿತ್ತು. ಬೆಳಿಗ್ಗೆ ಮೇಷ್ಟ್ರುಗಳು ಪಾಠ ರೆಕಾರ್ಡ್ ಮಾಡಿ, ಜೊತೆಗೊಂದು ಪ್ರಶ್ನೆಗಳ ಹಾಳೆ ಇಟ್ಟು ಮಕ್ಕಳ ಮನೆಯ ಫೋನಿಗೆ ಕಳಿಸುತ್ತಿದ್ದರು. ಮಕ್ಕಳು ಉತ್ತರ ಬರೆದು ಸಂಜೆಯೊಳಗೆ ಫೋಟೋ ಕಳಿಸಬೇಕು. ಫೋಟೋ ಬಂದರೆ ಹಾಜರಿ. ಬಾರದಿದ್ದರೆ ಅತ್ತಿಗೆ ಆ ಮನೆಗೆ ಫೋನು ಹಚ್ಚುತ್ತಿದ್ದರು. ಹತ್ತನೇ ಕ್ಲಾಸಿನಲ್ಲೇ ಐವತ್ತಮೂರು ಮಕ್ಕಳು, ಐವತ್ತಮೂರು ಬಗೆಯ ತಾಪತ್ರಯ. ಅಪ್ಪ ಫೋನನ್ನು ಕೆಲಸಕ್ಕೆ ತೆಗೆದುಕೊಂಡು ಹೋಗುವ ಮನೆಗೆ ರಾತ್ರಿವರೆಗೂ ಸಮಯ ಕೊಟ್ಟರು. ಮೂರು ಮಕ್ಕಳಿಗೆ ಒಂದೇ ಫೋನಿದ್ದ ಮನೆಗೆ ಸರದಿಯ ಪಟ್ಟಿ ಮಾಡಿಕೊಟ್ಟರು. ಒಬ್ಬ ತಾಯಿ ದಿನಾ ತನ್ನ ಹೆಬ್ಬೆರಳಿನ ಫೋಟೋವನ್ನೇ ಕಳಿಸುತ್ತಿದ್ದರು. ಬೆರಳು ಸ್ವಲ್ಪ ಪಕ್ಕಕ್ಕಿಡಿ ಅಮ್ಮಾ ಎಂದು ಅತ್ತಿಗೆ ಅವರಿಗೆ ಹೇಳುತ್ತಿದ್ದ ದನಿ ಇತ್ತಲ್ಲ, ಅಷ್ಟು ಮೆತ್ತಗೆ ನನ್ನ ಹತ್ತಿರ ಅವರು ಒಂದು ದಿನವೂ ಮಾತಾಡಿದ್ದಿಲ್ಲ.

ಫೋನು ಹಚ್ಚುವ ಅಗತ್ಯವೇ ಬೀಳದಿದ್ದದ್ದು ಒಂದು ಹಾಜರಿ ನಂಬರಿಗೆ ಮಾತ್ರ, ಮೂವತ್ತೊಂದಕ್ಕೆ. ಅವಳು ಆ ವರ್ಷವೇ ಹೊಸದಾಗಿ ಸೇರಿದ ಹುಡುಗಿ. ದಾಖಲಾತಿಯ ದಿನ ತಾತನ ಜೊತೆ ಬಂದು ಹೋದವಳನ್ನು ಅತ್ತಿಗೆ ಬಿಟ್ಟರೆ ಯಾರೂ ನೋಡಿರಲಿಲ್ಲ, ಅಷ್ಟರಲ್ಲಿ ಶಾಲೆಯೇ ಮುಚ್ಚಿತು. ಆದರೂ ಒಂದು ದಿನ ತಪ್ಪಿಸಿದವಳಲ್ಲ. ಮುತ್ತು ಪೋಣಿಸಿದಂಥ ಅಕ್ಷರ. ಗಣಿತದ ಮೇಷ್ಟ್ರು ವಾರಕ್ಕೊಮ್ಮೆಯಾದರೂ 'ಭೇಷ್ ಮೂವತ್ತೊಂದು' ಎಂದು ಕಳಿಸುತ್ತಿದ್ದರು. ಕಲಿತರೆ ಇವಳ ಹಾಗೆ ಕಲಿಯಬೇಕು ಎಂದು ಅತ್ತಿಗೆ ಉಳಿದ ಮನೆಗಳಿಗೆಲ್ಲ ಅವಳದೇ ಉದಾಹರಣೆ ಕೊಡುತ್ತಿದ್ದರು.

ಪರೀಕ್ಷೆಯ ಅರ್ಜಿ ಬಂತು. ಮಗು ಖುದ್ದಾಗಿ ಸಹಿ ಹಾಕಬೇಕು, ಶನಿವಾರ ಸಂಜೆಯೇ ಕೊನೆ, ತಪ್ಪಿದರೆ ಆ ವರ್ಷವೇ ಹೋದಂತೆ. ಶುಕ್ರವಾರದ ಹೊತ್ತಿಗೆ ಐವತ್ತೆರಡು ಸಹಿ ಆಗಿದ್ದವು. ಮೂವತ್ತೊಂದು ಹೇಗೂ ಶಿಸ್ತಿನ ಹುಡುಗಿ ಎಂದು ಅತ್ತಿಗೆ ಅವಳನ್ನು ಕೊನೆಗೆ ಇಟ್ಟುಕೊಂಡಿದ್ದರು. ಶನಿವಾರ ಬೆಳಿಗ್ಗೆ ಫೋನು ಮಾಡಿದರು. ಎತ್ತಿದ್ದು ಒಬ್ಬ ಗಂಡಸು. ಮೂವತ್ತೊಂದನೇ ನಂಬರಿನ ಮನೆಯವರಾ ಎಂದು ಅತ್ತಿಗೆ ಕೇಳಿದರು.

"ಹೌದು ಮೇಡಂ. ನಾನೇ ಮೂವತ್ತೊಂದು."

"ನೀವು ಅವಳ ಅಪ್ಪನಾ?"

"ಯಾರ ಅಪ್ಪ? ನಂಗಿನ್ನೂ ಮದುವೇನೇ ಆಗಿಲ್ಲ."

ನಾನು ಕತ್ತರಿ ಕೆಳಗಿಟ್ಟು ನಕ್ಕೆ. ಅತ್ತಿಗೆಯ ಮುಖ ನೋಡಿದ ಮೇಲೆ ನಗು ಅಲ್ಲೇ ನಿಂತಿತು.

ಆತ ಗಡಿಯಾರ ರಿಪೇರಿಯವನಂತೆ. ಅಂಗಡಿ ಮುಚ್ಚಿ ಮನೆಯಲ್ಲಿ ಕೂತಿದ್ದಾಗ ಒಂದು ಬೆಳಿಗ್ಗೆ ಫೋನಿಗೆ ಪಾಠ ಬಂತು. ಎಲ್ಲರಿಗೂ ಬಿಟ್ಟಿಯಾಗಿ ಕಳಿಸುತ್ತಿದ್ದಾರೆ ಎಂದುಕೊಂಡನಂತೆ. ಚಿಕ್ಕಂದಿನಲ್ಲಿ ಒಂಬತ್ತನೇ ಕ್ಲಾಸಿಗೇ ಓದು ಬಿಟ್ಟವನು. ಹಾಳೆಯ ಮೇಲೆ ಮೂವತ್ತೊಂದು ಎಂದಿತ್ತು, ತನ್ನ ನಂಬರೇ ಇರಬೇಕು ಎಂದು ದಿನವೂ ಉತ್ತರ ಬರೆದು ಕಳಿಸಿದ್ದಾನೆ. ಇಷ್ಟೆಲ್ಲ ಹೇಳಿ ಕೊನೆಗೆ, ಹೋದ ವಾರದ ಬೀಜಗಣಿತದಲ್ಲಿ ಎಷ್ಟು ಮಾರ್ಕು ಬಂತು ಎಂದೂ ವಿಚಾರಿಸಿದ.

ಅತ್ತಿಗೆ ಕಪಾಟಿನಿಂದ ದಾಖಲಾತಿಯ ಫಾರಮ್ಮು ತೆಗೆದರು. ಹುಡುಗಿಯ ತಾತ ಅಂಗಡಿಗಳ ಬೋರ್ಡು ಬರೆಯುತ್ತಿದ್ದವರು. ಫೋನ್ ನಂಬರನ್ನೂ ಬೋರ್ಡಿನ ಹಾಗೆಯೇ, ಕನ್ನಡ ಅಂಕಿಯಲ್ಲಿ, ಬಾಲ ಸುಳಿಸುಳಿಯಾಗಿ ಬರೆದಿದ್ದರು. ಬಾಲ ಎತ್ತ ತಿರುಗಿದೆ ಎನ್ನುವುದನ್ನು ಬಿಟ್ಟರೆ ೬ಕ್ಕೂ ೯ಕ್ಕೂ ಬೇರೆ ವ್ಯತ್ಯಾಸ ಏನಿದೆ? ಕೊನೆಯಿಂದ ಮೂರನೆಯ ಅಂಕಿ ಒಂಬತ್ತು. ಅತ್ತಿಗೆ ಅದನ್ನು ಆರು ಎಂದು ಪುಸ್ತಕಕ್ಕೆ ಇಳಿಸಿದ್ದರು.

"ನನ್ನ ಕೈಯಿಂದಲೇ ಆಗಿದೆ ಕಣೇ," ಎಂದರು. "ಆ ಮಗೀಗೆ ಐದು ತಿಂಗಳಿಂದ ಸ್ಕೂಲಿಂದ ಒಂದು ಮಾತೂ ಹೋಗಿಲ್ಲ."

ಆನೆಯಂಥದ್ದೂ ಮುಗ್ಗರಿಸುತ್ತದೆ ಎನ್ನಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಇಷ್ಟು ವರ್ಷ ಅವರ ಒಂದು ತಪ್ಪು ಸಿಕ್ಕರೆ ಸಾಕು ಎಂದು ಕಾದಿದ್ದೆ ನಾನು. ಸಿಕ್ಕಿತು, ಒಂದಿಷ್ಟೂ ರುಚಿಸಲಿಲ್ಲ. ಸರಿಯಾದ ನಂಬರಿಗೆ ಮಾಡಿದರೆ ಸ್ವಿಚ್ ಆಫ್. ನಾನು ಸ್ಕೂಟರಿನ ಕೀಲಿ ತೆಗೆದುಕೊಂಡೆ.

ದಾರಿಯಲ್ಲೇ ಗಡಿಯಾರದವನ ಮನೆ, ಅತ್ತಿಗೆ ಮತ್ತೆ ಫೋನು ಮಾಡಿ ವಿಷಯ ಹೇಳಿ ವಿಳಾಸ ಕೇಳಿಕೊಂಡಿದ್ದರು. ತಾನು ಬರೆದ ನಾಲ್ಕು ನೋಟ್‌ಬುಕ್ಕುಗಳನ್ನೂ ಚೀಲಕ್ಕೆ ಹಾಕಿ ಬಾಗಿಲಲ್ಲೇ ನಿಂತಿದ್ದ. ತಪ್ಪಿಹೋದ ಪಾಠವೆಲ್ಲ ಇದರಲ್ಲಿದೆ, ಹುಡುಗಿಗೆ ಕೊಡಿ ಎಂದ. ಆಮೇಲೆ ತಲೆ ಕೆರೆದುಕೊಂಡು, ತನಗೆ ಇನ್ನು ಪಾಠ ಬರುವುದಿಲ್ಲವಾ ಎಂದು ಕೇಳಿದ. ಬರುತ್ತೆ ಎಂದರು ಅತ್ತಿಗೆ, ಆದರೆ ಮೂವತ್ತೊಂದನ್ನು ಬಿಟ್ಟುಕೊಡಬೇಕು, ನಿಮಗೆ ಐವತ್ತನಾಲ್ಕು. ಆತ ಕೈಮುಗಿದ.

ಹುಡುಗಿಯ ಮನೆ ಮೂರನೇ ಮಹಡಿಯಲ್ಲಿ, ಎರಡೇ ಕೋಣೆ. ಬಾಗಿಲು ತೆರೆದದ್ದು ಅವಳೇ. ಒಳಗೆ ತಾತ ಕುರ್ಚಿಯಲ್ಲಿದ್ದರು. ಅಪ್ಪ ಆಗಷ್ಟೇ ರಾತ್ರಿಪಾಳಿಯ ಕೆಲಸದಿಂದ ಬಂದು ಫೋನನ್ನು ಚಾರ್ಜಿಗೆ ಹಾಕುತ್ತಿದ್ದರು. ಶಾಲೆಯಿಂದ ಬಂದವರು ಎಂದ ಕೂಡಲೇ ಅವರ ಮುಖ ಬಿಗಿಯಿತು. ಎರಡು ಸಲ ಗೇಟಿನ ತನಕ ಹೋಗಿ ಬಂದೆ, ಫೋನಿನಲ್ಲಿ ತಿಳಿಸುತ್ತಾರೆ ಎಂದು ಕಾವಲುಗಾರ ಅಟ್ಟಿದ, ಯಾರು ತಿಳಿಸಿದರು ಎಂದು ಕೇಳಿದರು. ಕಾದು ಕಾದು ಮಗಳನ್ನು ರಟ್ಟಿನ ಪೆಟ್ಟಿಗೆ ಕಾರ್ಖಾನೆಗೆ ಸೇರಿಸಲು ಮಾತು ಕೊಟ್ಟಾಗಿದೆ, ಸೋಮವಾರದಿಂದ ಹೋಗುತ್ತಾಳೆ ಎಂದರು.

ಅತ್ತಿಗೆ ಕೂರಲಿಲ್ಲ. ಫಾರಮ್ಮು ಬಿಚ್ಚಿ, ಒಂಬತ್ತರ ಮೇಲೆ ಬೆರಳಿಟ್ಟು, ನಡೆದದ್ದನ್ನು ಒಂದೂ ಬಿಡದೆ ಹೇಳಿದರು. ತಪ್ಪು ನನ್ನದು, ಶಾಲೆಯದಲ್ಲ ಎಂದರು. ತಾತ ಕನ್ನಡಕ ಏರಿಸಿ ನೋಡಿ, ನನ್ನ ಬಾಲವೇ ಅತಿಯಾಯಿತು, ತಪ್ಪು ನನ್ನದು ಎಂದರು. ಇಲ್ಲ, ನಾನು ಫೋನು ಮಾಡಿ ಖಾತ್ರಿ ಮಾಡಿಕೊಳ್ಳಬೇಕಿತ್ತು ಎಂದು ಅತ್ತಿಗೆ. ತಪ್ಪಿಗಾಗಿ ಇಬ್ಬರು ಹೀಗೆ ಕಿತ್ತಾಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಪ್ಪ ಮಾತ್ರ, ಇವತ್ತೇ ಸಹಿ ಬೇಕೆಂದು ಅತ್ತಿಗೆ ಮುಂದಿಟ್ಟಿದ್ದ ಪರೀಕ್ಷೆಯ ಅರ್ಜಿಯನ್ನೇ ನೋಡುತ್ತಿದ್ದರು. ಈ ಮನುಷ್ಯ ಕೊಟ್ಟ ಮಾತೇ ದೊಡ್ಡದು ಎಂದುಬಿಟ್ಟರೆ ಏನು ಗತಿ?

ಹುಡುಗಿ ಮುಂದೆ ಬಂದಳು.

"ಅಂದ್ರೆ ನನ್ನ ಬೇಡ ಅಂತ ಬಿಟ್ಟಿರ್ಲಿಲ್ವಾ ಮೇಡಂ?"

ಆಗ ಅತ್ತಿಗೆ ಅತ್ತುಬಿಟ್ಟರು. ಅಣ್ಣನ ಆಪರೇಷನ್ ದಿನವೂ ಅಳದಿದ್ದವರು.

"ಇಲ್ಲ ಪುಟ್ಟಾ. ದಿನಾ ನಿನಗೆ ಹಾಜರಿ ಹಾಕಿದೀನಿ. ಒಂದು ದಿನಾನೂ ಬಿಟ್ಟಿಲ್ಲ."

ಅವಳು ಅಪ್ಪನ ಕಡೆ ನೋಡಿದಳು. ಅವರು ಅವಳನ್ನು ನೋಡಲಿಲ್ಲ. ಎದ್ದು ಹೋಗಿ, ಚಾರ್ಜಿನಿಂದ ಫೋನು ಕಿತ್ತು, ನಮಗೆ ಬೆನ್ನು ಹಾಕಿ ನಿಂತು ನಂಬರು ಒತ್ತಿದರು. ಆ ಕಡೆ ಕಾರ್ಖಾನೆಯ ಮೇಸ್ತ್ರಿ ಎಂದು ನಮಸ್ಕಾರದಲ್ಲೇ ತಿಳಿಯಿತು.

"ಸೋಮವಾರ ನನ್ನ ಮಗಳು ಬರಲ್ಲ ಮೇಸ್ತ್ರಿ," ಎಂದರು. "ಅವಳಿಗೆ ಸ್ಕೂಲಿದೆ."