ಬಳಸುದಾರಿಯ ಮದ್ದು, ಇಬ್ಬರು ಓರಗಿತ್ತಿಯರು

ಬೆಳಕು ಹರಿಯುವ ಹೊತ್ತಿಗೆ ಈ ಸಂಶೋಧಕಿ ಪ್ರಯೋಗಾಲಯದ ಬೀಗ ತೆಗೆಯುತ್ತಾರೆ. ಕೈಗವಸು ತೊಟ್ಟು, ಬೆಚ್ಚನೆಯ ಪೆಟ್ಟಿಗೆಯಿಂದ ತಟ್ಟೆಯೊಂದನ್ನು ಹೊರತೆಗೆದು ಸೂಕ್ಷ್ಮದರ್ಶಕದ ಕೆಳಗಿಡುತ್ತಾರೆ. ತಟ್ಟೆಯ ಪುಟ್ಟ ಗುಳಿಗಳಲ್ಲಿ ರೋಗನಿರೋಧಕ ಕೋಶಗಳಿವೆ. "ಹೇಗಿದ್ದೀರ್ರೋ?" ಎಂದು ಮಕ್ಕಳನ್ನು ವಿಚಾರಿಸುವಂತೆ ಕೇಳುತ್ತಾರೆ.

ಈ ಕೋಶಗಳ ಮೈಮೇಲೆ ಗ್ರಾಹಕವೆಂಬ ಪ್ರೋಟೀನ್ ಇದೆ. ಅದು ಅತಿಯಾಗಿ ಕೆರಳಿದರೆ ದೇಹದ ಕಾವಲುಪಡೆ ದೇಹದ ಕೀಲುಗಳ ಮೇಲೆಯೇ ಬೀಳುತ್ತದೆ. ಅದನ್ನು ತಡೆಯುವ ರಾಸಾಯನಿಕಗಳ ಹುಡುಕಾಟ ಇಲ್ಲಿ ನಡೆದಿದೆ. ಪಕ್ಕದ ಕೋಣೆಯವರದು ನೇರ ದಾರಿ, ಗ್ರಾಹಕಕ್ಕೇ ಅಂಟಿಕೊಳ್ಳುವ ರಾಸಾಯನಿಕ. ಈಕೆಯ ಪಾಲಿಗೆ ಬಂದದ್ದು ಬಳಸುದಾರಿ.

"ನಮ್ದು ಗ್ರಾಹಕವನ್ನ ಮುಟ್ಟೋದೇ ಇಲ್ಲ. ಅದನ್ನ ಕೋಶದ ಒಳಗಿಂದ ಹೊತ್ತು ತಂದು ಮೈಮೇಲೆ ಕೂರ್ಸೋ ಇನ್ನೊಂದು ಪ್ರೋಟೀನ್ ಇದೆ. ಅದರ ಕೈ ಕಟ್ಟಿಹಾಕ್ತೀವಿ, ಅಷ್ಟೆ."

ಪಕ್ಕದ ಕೋಣೆಯಲ್ಲಿ ತಟ್ಟೆ ನೋಡುತ್ತಿದ್ದವರು ಇವರ ಓರಗಿತ್ತಿ, ಗಂಡನ ಅಣ್ಣನ ಹೆಂಡತಿ; ಇವರು ಕರೆಯುವುದು 'ಅಕ್ಕ' ಎಂದು. ಇಬ್ಬರಿಗೂ ಒಂದೇ ಮನೆ, ಒಂದೇ ಒಲೆ. ಅತ್ತೆಯ ಬೆರಳುಗಳು ಇದೇ ಕಾಯಿಲೆಯಿಂದ ಸೊಟ್ಟಗಾಗಿವೆ. ಊಟಕ್ಕೆ ಕುಳಿತರೆ ಅತ್ತೆ ಕೇಳುತ್ತಿದ್ದುದು ಹಿರಿಯ ಸೊಸೆಯನ್ನೇ: "ನಿನ್ನ ಮದ್ದು ಎಲ್ಲೀವರೆಗೆ ಬಂತಮ್ಮಾ?"

"ನಾನು ಪಾತ್ರೆ ಕುಕ್ತಿದ್ದೆ" ಎಂದು ಆಕೆ ನಗುತ್ತಾರೆ. "ಲ್ಯಾಬಲ್ಲಿ ಅಕ್ಕನ ತಟ್ಟೆ ಚೆನ್ನಾಗಿ ಬಂದ ದಿನ ಅರ್ಧ ಊಟಕ್ಕೇ ಎದ್ದುಬಿಡ್ತಿದ್ದೆ."

ಆಮೇಲೆ ಅಕ್ಕನ ರಾಸಾಯನಿಕ ಯಕೃತ್ತಿನ ಕೋಶಗಳನ್ನೂ ಕೊಲ್ಲುತ್ತದೆಂದು ಗೊತ್ತಾಗಿ ಆ ಕೆಲಸ ನಿಂತಿತು. "ಸುಳ್ಳು ಯಾಕೆ ಹೇಳ್ಲಿ, ಹಾಲು ಕುಡಿದಷ್ಟು ಖುಷಿಯಾಯ್ತು. ಮನೆಗೆ ಬಂದ್ರೆ ಅಕ್ಕ ಅತ್ತೆ ಬೆರಳಿಗೆ ಎಣ್ಣೆ ಹಚ್ತಾ ಕೂತಿದ್ಲು, ತಲೆ ಎತ್ಲೇ ಇಲ್ಲ. ಅಯ್ಯೋ ಪಾಪ ಅನ್ನಿಸ್ತು. ಆದ್ರೂ ಹೊಟ್ಟೆಕಿಚ್ಚು ಹೋಗ್ಲಿಲ್ಲ ನೋಡಿ. ಅತ್ತೆ ಅವಳನ್ನೇ ಸಮಾಧಾನ ಮಾಡ್ತಿದ್ರಲ್ಲ!"

ಮೈಮೇಲೆ ಗ್ರಾಹಕವಿದ್ದರೆ, ಬಣ್ಣ ಹಾಕಿದಾಗ ಅದು ಕೋಶದ ಸುತ್ತ ಹಸಿರು ಬಳೆಯಂತೆ ಹೊಳೆಯುತ್ತದೆ. ಕಳೆದ ವಾರ ಈಕೆಯ ತಟ್ಟೆಯಲ್ಲಿ ಬಳೆಗಳೇ ಇರಲಿಲ್ಲ; ಗ್ರಾಹಕ ಮೈಮೇಲೆ ಬಂದೇ ಇರಲಿಲ್ಲ. ಕೋಶಗಳು ಕೆರಳದೆ ತಣ್ಣಗಿದ್ದವು, ಯಕೃತ್ತಿನವೂ ಸುರಕ್ಷಿತ. ಇದು ಔಷಧವಾಗಲು ವರ್ಷಗಳೇ ಹಿಡಿಯಬಹುದು, ಆಗದೆಯೂ ಹೋಗಬಹುದು. ಆದರೂ ಆಕೆ ಯಾರಿಗಿಂತ ಮೊದಲು ಕರೆದದ್ದು ಅಕ್ಕನನ್ನು.

"ಅವಳ ಹೊಟ್ಟೆ ಉರಿಸೋಕೇ ಕರೆದೆ ಅಂದ್ಕೊಳ್ಳಿ. ಬಂದ್ಲು, ಕೂತ್ಲು, ಮೈಕ್ರೋಸ್ಕೋಪಲ್ಲಿ ಒಂದೊಂದೇ ಗುಳಿ ನೋಡಿದ್ಲು. ಕೊನೆಗೆ, 'ಉರಿಸ್ಬಿಟ್ಟೆ ಕಣೇ' ಅಂದ್ಲು."

ಅತ್ತೆ ಏನೆಂದರು?

"ಅವ್ರು ನನ್ನ ಮದ್ದಿನ ಬಗ್ಗೆ ಇನ್ನೂ ಏನೂ ಕೇಳಿಲ್ಲ. ಕೇಳದಿದ್ರೆ ಹೋಗ್ಲಿ ಬಿಡಿ. ಅಕ್ಕ ಹೇಳಿದಷ್ಟು ಚೆಂದದ ಮಾತು ನನಗೆ ಇನ್ಯಾರು ಹೇಳ್ತಾರೆ?"